ದ್ಯಾವಯ್ಯನ ಸುಗ್ಗಿ ನೆಗಡಿ

ನಮ್ಮ ಹೆಬ್ಬಲಸೆಯ ದ್ಯಾವಯ್ಯನಷ್ಟು ಅಂಜುಬುರುಕ ಆಲೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಸಕಲೇಶಪುರದ ಕಡೆ ಒಬ್ಬ ಹುಟ್ಟಿದ್ದನಂತೆ, ಆದರೆ ಅವನು ಮನೆಯಿಂದ ಹೊರಗೆ ಬರಲು ಹೆದರಿ ಯಾರ ಕಣ್ಣಿಗೂ ಬಿದ್ದಿಲ್ಲ.

ಹಾಗೆಂದು ದ್ಯಾವಯ್ಯ ಎಲ್ಲದಕ್ಕೂ ಹೆದರುವವನಲ್ಲ. ಕಾಫಿ ತೋಟದ ತಿರುವಿನಲ್ಲಿ ಒಂಟಿ ಸಲಗ ಎದುರಾದರೆ ಬದಿಗೆ ಸರಿದು ನಿಂತು, "ಹೋಗು ಮಾರಾಯ, ನಿಂಗೂ ಕೆಲ್ಸ ಇರ್ತದೆ" ಎನ್ನುತ್ತಾನೆ. ಆನೆಯೂ ಹೋಗುತ್ತದೆ. ಅವನ ಹೆದರಿಕೆಯೆಲ್ಲ ಎರಡು ಕಾಲಿನ ಪ್ರಾಣಿಗೆ. ಗದ್ದೆಯ ಬೆದರುಬೊಂಬೆಗೆ ಯಾರೋ ಹಳೆಯ ಸಫಾರಿ ಅಂಗಿ ತೊಡಿಸಿದಾಗ, ಆ ಬೆಳೆ ಕೊಯ್ಯುವವರೆಗೂ ಇವನು ಅದಕ್ಕೆ ಕೈಮುಗಿದೇ ಮುಂದೆ ಹೋದ. ಒಮ್ಮೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದವನು, ಇತ್ತ ಕಡೆ ಮಲಗಿದ್ದ ದಪ್ಪ ಮನುಷ್ಯನನ್ನು ಎಬ್ಬಿಸಲು ಹೆದರಿ, ಬಾಳ್ಳುಪೇಟೆಯಲ್ಲಿ ಇಳಿಯುವ ಬದಲು ಘಾಟಿ ಇಳಿದು ಮಂಗಳೂರಿಗೇ ಹೋದ. ಮರುದಿನ ಮನೆಗೆ ಬಂದು ಹೆಂಡತಿ ಮಾದಮ್ಮನಿಗೆ, "ಸಮುದ್ರ ನೋಡ್ಬೇಕು ಅನ್ನಿಸ್ತು ಕಣೆ, ನೋಡ್ಕೊಂಡ್ ಬಂದೆ" ಎಂದ.

"ಸಂತೆ ಚೀಲ ಹಿಡ್ಕೊಂಡಾ?" ಎಂದಳು ಆಕೆ.

ಇಂಥವನಿಗೆ ದೇವರು ಧೈರ್ಯ ಇಡಬೇಕಾದ ಜಾಗದಲ್ಲಿಯೂ ಮೂಗನ್ನೇ ಇಟ್ಟುಬಿಟ್ಟಿದ್ದ. ದೂರದ ಕುಂದೂರಿನಲ್ಲಿ ಯಾರ ಮನೆಯ ಸಾರು ಹಳಸಿದರೂ ದ್ಯಾವಯ್ಯ ತನ್ನ ಜಗಲಿಯಲ್ಲಿ ಕೂತು ಮುಖ ಸಿಂಡರಿಸುತ್ತಾನೆ. ಬಿಸಿಲೆ ಕಾಡಿಗೆ ಮಳೆ ಬಿದ್ದರೆ ಇಲ್ಲಿ ಎದ್ದು ಹೋಗಿ ಕಣದ ಕಾಫಿ ರಾಶಿ ಮಾಡುತ್ತಾನೆ. ಆ ಮೂಗಿಗೆ ಊರಿನಲ್ಲಿ ಒಂದು ಹುದ್ದೆಯೂ ಇದೆ.

ಬೇಸಿಗೆ ಹಿಡಿಯುವ ಹೊತ್ತಿಗೆ ನಮ್ಮಲ್ಲಿ ಕಲ್ಲುಗುಡಿಯಮ್ಮನ ಸುಗ್ಗಿ. ಸುಗ್ಗಿ ಸಾರಿದ ದಿನದಿಂದ ಅದು ಮುಗಿಯುವವರೆಗೆ ಊರಿನ ಎಲ್ಲೆಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ, ಮೀನು ಮಾಂಸ ಬೇಯಿಸುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಗ್ಗರಣೆ ಹಾಕುವಂತಿಲ್ಲ. ಕಾದ ಎಣ್ಣೆಗೆ ಸಾಸಿವೆ ಬಿದ್ದ ವಾಸನೆ ಅಮ್ಮನಿಗೆ ಆಗಿಬರುವುದಿಲ್ಲ. ಅಷ್ಟು ದಿನವೂ ಊರಿಗೆ ಊರೇ ಬೇಯಿಸಿದ್ದನ್ನು ಬೇಯಿಸಿದ ಹಾಗೆ ಉಂಡು, ಸಾರಿನಷ್ಟೇ ಸಪ್ಪೆ ಮುಖ ಹೊತ್ತು ಓಡಾಡುತ್ತದೆ. ಸಕಲೇಶಪುರದಿಂದ ಬಾಡಿಗೆಗೆ ಬರುವ ಹಬೀಬ್ ಕೂಡ ಆಟೋವನ್ನು ಎಲ್ಲೆಕಲ್ಲಿನ ಆಚೆ ನಿಲ್ಲಿಸಿ, ಚಪ್ಪಲಿ ಅದರೊಳಗಿಟ್ಟು, ಬರಿಗಾಲಲ್ಲಿ ನಡೆದು ಬರುತ್ತಾನೆ.

ಈ ದಿನಗಳಲ್ಲಿ ಸಂಜೆ ಊರು ಸುತ್ತಿ ಮೂಸಿ ನೋಡುವ ಕೆಲಸ ದ್ಯಾವಯ್ಯನ ಮನೆತನದ್ದು. ಅವನ ಅಪ್ಪ ಹೆತ್ತ ತಾಯಿಯನ್ನೇ ಒಂದು ಚಟಾಕು ಬೆಳ್ಳುಳ್ಳಿ ಒಗ್ಗರಣೆಯ ಸಮೇತ ಹಿಡಿದು ಗುಡಿಯ ಮುಂದೆ ನಿಲ್ಲಿಸಿದವನು. ಮಗನಿಗೆ ಮೂಗು ಬಂತು, ಅಪ್ಪನ ಬಾಯಿ ಬರಲಿಲ್ಲ. ಅದಕ್ಕೆ ದ್ಯಾವಯ್ಯ ಕಂಡುಕೊಂಡ ಉಪಾಯ ನೆಗಡಿ. ಸುಗ್ಗಿ ಸಾರಿದ ಸಂಜೆ ಅವನ ಮೂಗು ಕಟ್ಟುತ್ತದೆ, ಸುಗ್ಗಿ ಮುಗಿದ ಬೆಳಿಗ್ಗೆ ಬಿಡುತ್ತದೆ. ಇಷ್ಟು ನಿಯತ್ತಿನ ನೆಗಡಿಯನ್ನು ಯಾವ ಡಾಕ್ಟರೂ ಕಂಡಿರಲಾರ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಮನೆಮನೆಯ ಮುಂದೆ ನಿಂತು, "ಏನೂ ಗೊತ್ತಾಗ್ತಿಲ್ಲ ಕಣ್ರಪ್ಪಾ" ಎಂದು ಹೇಳಿ ಬರುತ್ತಿದ್ದ. ಊರಿಗೂ ಅದು ಒಪ್ಪಿಗೆಯಾಗಿತ್ತು.

ಈ ನೆಗಡಿಯ ಬೇರು ಇದ್ದದ್ದು ಮೋಹನನ ಎಸ್ಟೇಟಿನಲ್ಲಿ. ಮೋಹನ್ ಎಂದರೆ ಊರಿನ ಅತಿ ದೊಡ್ಡ ತೋಟದ ಧಣಿ, ಗುಡಿ ಸಮಿತಿಯ ಅಧ್ಯಕ್ಷ, ಅಮ್ಮನ ಪಲ್ಲಕ್ಕಿಗೆ ಮೊದಲ ಹೆಗಲು ಕೊಡುವವನು. ಅವನ ಭಕ್ತಿಯ ಅಳತೆ ಹೇಳುವುದಾದರೆ, ಹಣೆಯ ಕುಂಕುಮ ನೋಡಿ ಒಮ್ಮೆ ರೈಲು ನಿಂತುಬಿಟ್ಟಿತ್ತು. ಇದೇ ಮೋಹನ್ ತೋಟದ ನಡುವೆ ಹೋಂಸ್ಟೇ ಕಟ್ಟಿಸಿದ್ದಾನೆ. ವಾರದ ಕೊನೆಗೆ ಬರುವ ಅತಿಥಿಗಳು ಮಂಜು ನೋಡಿ ಹೊಟ್ಟೆ ತುಂಬಿಸಿಕೊಳ್ಳುವವರಲ್ಲ. ಸುಗ್ಗಿಯೆಂದು ಅವರಿಗೆ ಸಪ್ಪೆ ಸಾರು ಬಡಿಸಲಾದೀತೇ? ಅಡುಗೆಯ ಬಾಲು ಹಿಂದಿನ ಬಾಗಿಲು ಹಾಕಿಕೊಂಡು ತನ್ನ ಕೆಲಸ ಮಾಡುತ್ತಿದ್ದ. ಬಾಗಿಲು ಹಾಕಿದರೆ ಸದ್ದು ನಿಲ್ಲುತ್ತದೆ, ವಾಸನೆ ನಿಲ್ಲುವುದಿಲ್ಲ. ದ್ಯಾವಯ್ಯನ ಕತೆ ಬಿಡಿ, ನಮ್ಮೂರಿನ ಹೆಣಕ್ಕೂ ಅದು ಗೊತ್ತಾಗುತ್ತಿತ್ತು.

ಆದರೆ ಹೇಳುವವರಾರು? ದ್ಯಾವಯ್ಯನ ಎರಡೂವರೆ ಎಕರೆ ತೋಟ ಮೋಹನನ ಎಸ್ಟೇಟಿನ ಬೆನ್ನಿಗಿದೆ. ಅಲ್ಲಿಗೆ ಹೋಗುವ ದಾರಿ ಮೋಹನನ ಗೇಟಿನ ಮೂಲಕ. ಗೇಟು ಮುಚ್ಚಿದರೆ ಹಳ್ಳ ದಾಟಿ, ಆನೆ ಕಾಡು ಬಳಸಿ, ಅರ್ಧ ದಿನ ನಡೆಯಬೇಕು. ಉಳಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ಗೇಟು ಇತ್ತು. ಒಬ್ಬನಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ಮೋಹನನ ಪಲ್ಪರ್ ಬೇಕು, ಇನ್ನೊಬ್ಬನಿಗೆ ಆಸ್ಪತ್ರೆಗೆ ಹೋಗಲು ಜೀಪು ಬೇಕು, ಮತ್ತೊಬ್ಬನಿಗೆ ಏನೂ ಬೇಡ, ಆದರೂ ರೂಢಿಯಿಂದ ಹೆದರುತ್ತಿದ್ದ.

ಈ ವರ್ಷದ ಸುಗ್ಗಿಯಲ್ಲಿ ಅಮ್ಮ ಪಲ್ಲಕ್ಕಿ ಏರಿ ಊರ ಮೇಲೆ ಹೊರಟಳು. ಮೋಹನನ ಗೇಟಿನ ಮುಂದಿನ ಓಣಿಗೆ ಬಂದದ್ದೇ, ಪಲ್ಲಕ್ಕಿ ನಿಂತುಬಿಟ್ಟಿತು. ಹೊತ್ತವರು ಎಷ್ಟು ತಿಣುಕಿದರೂ ಮುಂದೆ ಹೋಗಲೊಲ್ಲದು. ಒಂದು ಪಕ್ಕ ಗೇಟಿನಾಚೆ ಹೋಂಸ್ಟೇ, ಇನ್ನೊಂದು ಪಕ್ಕ ಬೆಟ್ಟಮ್ಮ ಎಂಬ ವಿಧವೆಯ ಎರಡು ಅಂಕಣದ ಮನೆ. ಗಾಳಿಯಲ್ಲಿ ಬಂಗುಡೆ ಮೀನಿನ ಒಗ್ಗರಣೆ ಪಲ್ಲಕ್ಕಿಗಿಂತ ಜೋರಾಗಿ ಮೆರವಣಿಗೆ ಹೊರಟಿತ್ತು. ಊರೆಲ್ಲ ಒಟ್ಟಿಗೆ ಆಕಾಶ ನೋಡಿತು, ಅಲ್ಲಿ ಯಾರೋ ಮೀನು ಹುರಿಯುತ್ತಿರುವ ಹಾಗೆ.

"ಯಾರೋ ಎಲ್ಲೆ ಮೀರವ್ರೆ" ಎಂದರು ಊರ ಹಿರಿಯ ರಂಗಸ್ವಾಮಿ.

ಮೊದಲ ಹೆಗಲಿನಲ್ಲಿದ್ದ ಮೋಹನ್ ಕಣ್ಣು ಮುಚ್ಚಿ, ಅಮ್ಮನೇ ಕಿವಿಯಲ್ಲಿ ಹೇಳಿದಂತೆ ತಲೆಯಾಡಿಸಿ, ಬೆಟ್ಟಮ್ಮನ ಮನೆಯ ಕಡೆ ಮುಖ ತಿರುಗಿಸಿದ.

"ನಾನು ಇಲ್ಲೇ ಮಡಿಲಕ್ಕಿ ತಟ್ಟೆ ಹಿಡ್ಕೊಂಡು ನಿಂತಿವ್ನಿ" ಎಂದಳು ಬೆಟ್ಟಮ್ಮ.

"ಮಗಳು ಒಳಗೇ ಅವ್ಳಲ್ಲಾ" ಎಂದ ಮೋಹನ್.

ಮಗಳು ಶಿವಲೀಲಾಗೆ ಮುಂದಿನ ತಿಂಗಳು ಮದುವೆ. ಮರುದಿನ ಬೆಳಿಗ್ಗೆ ಗುಡಿಯ ಮುಂದೆ ಪಂಚಾಯ್ತಿ ಎಂದು ತೀರ್ಮಾನವಾಯಿತು. ತಪ್ಪು ರುಜುವಾತಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಬಹಿಷ್ಕಾರ ಹಾಕುವುದು ಕಾನೂನಿಗೆ ವಿರುದ್ಧ ಎಂದು ನಮ್ಮೂರಿನವರು ತಿಳಿದವರು. ಆದ್ದರಿಂದ ಆ ಪದವನ್ನು ಬಳಸುವುದಿಲ್ಲ, "ಸ್ವಲ್ಪ ದೂರ ಇರೋದು" ಎನ್ನುತ್ತಾರೆ. ಹಾಗೆ ಸ್ವಲ್ಪ ದೂರ ಇಟ್ಟ ಮನೆಗೆ ಬೆಂಕಿ ಬಿದ್ದರೂ ಜನ ಸ್ವಲ್ಪ ದೂರ ನಿಂತೇ ನೋಡುತ್ತಾರೆ. ಆ ಮನೆಯ ಚಪ್ಪರಕ್ಕೆ ಯಾರೂ ಕಾಲಿಡುವುದಿಲ್ಲ, ಸುದ್ದಿ ಕೇಳಿದ ಗಂಡಿನ ಕಡೆಯವರೂ ಬರುವುದಿಲ್ಲ.

ಬೆಳಗಾಗುತ್ತಲೇ ಬೆಟ್ಟಮ್ಮ ದ್ಯಾವಯ್ಯನ ಜಗಲಿಗೆ ಬಂದಳು. ಅವನು ಅವಸರದಲ್ಲಿ ಮಫ್ಲರ್ ಸುತ್ತಿಕೊಂಡ.

"ನೆಗಡಿ ಹೆಂಗೈತೆ ದ್ಯಾವಣ್ಣ?"

"ಜೋರಾಗೈತೆ ಕಣವ್ವಾ" ಎಂದು ದ್ಯಾವಯ್ಯ ಮೂಗು ಎಳೆದ.

"ಅಮ್ಮಂಗೂ ಬಂದೈತಾ ಅಂತ ಕೇಳಿದ್ಯಾ?"

ದ್ಯಾವಯ್ಯ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡ.

"ನಿನ್ನ ಬೇಡಕ್ಕೆ ಬಂದಿಲ್ಲ ಕಣಣ್ಣ, ಹೆದರ್ಬೇಡ. ಹೇಳೋರಿಗೆ ಹೇಳಿದೀನಿ, ಅವಳು ನೋಡ್ಕೊತಾಳೆ. ನೆಗಡಿ ವಿಚಾರ್ಸಿ ಹೋಗಾನ ಅಂತ ಬಂದೆ." ಹೀಗೆಂದು ಅವಳು ಹೊರಟೇಹೋದಳು.

ಬಯ್ದಿದ್ದರೆ ಅವನು ಆರಾಮಾಗಿ ಹೆದರಿಕೊಂಡು ಕೂರುತ್ತಿದ್ದ. ಬಯ್ಯದೆ ಹೋದದ್ದರಿಂದ ಕೂರಲಾಗಲಿಲ್ಲ. ಪಂಚಾಯ್ತಿಗೆ ಇನ್ನೂ ಹೊತ್ತಿರುವಾಗಲೇ ಗುಡಿಗೆ ಹೋದ. ಕಲ್ಲುಗುಡಿಯಮ್ಮನ ಮುಖ ತಲೆತಲಾಂತರದ ಅರಿಶಿನ ತಿಕ್ಕಿಸಿಕೊಂಡು ಸವೆದಿದೆ. ಕಣ್ಣು ಎಂದರೆ ಎರಡು ಗುಳಿ, ಬಾಯಿ ಒಂದು ಗೆರೆ. ನೆಟ್ಟಗೆ ಉಳಿದಿರುವುದು ಮೂಗು ಮಾತ್ರ, ಅದಕ್ಕೊಂದು ಮೂಗುತಿ. ಇಷ್ಟು ಕಾಲ ಕೈಮುಗಿಯುವಾಗ ದ್ಯಾವಯ್ಯ ಅಮ್ಮನ ಪಾದ ಬಿಟ್ಟು ಮೇಲೆ ನೋಡಿರಲಿಲ್ಲ, ಅವಳೂ ಎರಡು ಕಾಲಿನವರ ಪೈಕಿ ಎಂಬ ಭಯಕ್ಕೆ. ಈಗ ನೋಡಿದ.

ಅವಳಿಗೂ ಮೂಗಿದೆ. ಅಂದ ಮೇಲೆ ಅವಳಿಗೆ ಪ್ರತಿ ವರ್ಷವೂ ಗೊತ್ತು. ಬಾಲುವಿನ ಬಾಣಲೆಯೂ ಗೊತ್ತು, ಈ ಮಫ್ಲರೂ ಗೊತ್ತು. ಆದರೂ ದ್ಯಾವಯ್ಯನ ಕಾಫಿ ಉದುರಿಸಲಿಲ್ಲ, ಎಮ್ಮೆ ಕೊಲ್ಲಲಿಲ್ಲ, ಕಾಲು ಮುರಿಯಲಿಲ್ಲ. ಅಷ್ಟು ವರ್ಷದ ಸುಳ್ಳಿಗೆ ಕೈ ಬಿಡದವಳು ಒಂದು ದಿನದ ನಿಜಕ್ಕೆ ಬಿಡುತ್ತಾಳೆಯೇ? ದ್ಯಾವಯ್ಯ ಈ ಲೆಕ್ಕವನ್ನು ಹಿಂದೆ ಮುಂದೆ ಮಾಡಿ ಹಾಕಿ ನೋಡಿದ. ಎಲ್ಲಿಯೂ ತಪ್ಪು ಸಿಗದೆ ಅವನಿಗೆ ಬಹಳ ಬೇಸರವಾಯಿತು. ತಪ್ಪು ಸಿಕ್ಕಿದ್ದರೆ ಮನೆಗೆ ಹೋಗಬಹುದಿತ್ತು.

ಪಂಚಾಯ್ತಿ ಸೇರಿತು. ರಂಗಸ್ವಾಮಿ ಪದ್ಧತಿಯಂತೆ ಕೇಳಿದರು. "ದ್ಯಾವಯ್ಯ, ನಿನ್ನೆ ವಾಸನೆ ಎತ್ತಲಿಂದ ಬಂತಪ್ಪಾ?"

"ಅವನಿಗೆ ನೆಗಡಿ ಬುಡಿ" ಎಂದ ಮೋಹನ್, ಕರುಣೆಯಿಂದ.

ದ್ಯಾವಯ್ಯ ಎದ್ದು ನಿಂತ. ಮಫ್ಲರ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ.

"ನಂಗೆ ನೆಗಡಿ ಇಲ್ಲ" ಎಂದ. "ಯಾವತ್ತೂ ಇರ್ನಿಲ್ಲ. ನಿನ್ನೆ ಹಾಕಿದ್ದು ಕೊಬ್ರಿ ಎಣ್ಣೆ. ಮೊದ್ಲು ಸಾಸಿವೆ, ಆಮೇಲೆ ಬೆಳ್ಳುಳ್ಳಿ, ಆಮೇಲೆ ಕರಿಬೇವು, ಅದ್ರ ಮೇಲೆ ಬಂಗುಡೆ. ಬೆಳ್ಳುಳ್ಳಿ ಚೂರು ಸೀದಿತ್ತು. ಬಂದಿದ್ದು ಮೋಹನಣ್ಣನ ಹೋಂಸ್ಟೇ ಒಲೆಯಿಂದ. ಹೋದ ವರ್ಷ ಕೋಳಿ, ಅದ್ರ ಹಿಂದಿನ ವರ್ಷ ಸೀಗಡಿ. ಬೆಟ್ಟಮ್ಮನ ಮನೇಲಿ ನಿನ್ನೆ ಒಲೇನೇ ಹಚ್ಚಿಲ್ಲ."

ಮೋಹನ್ ನಿಧಾನವಾಗಿ ನಕ್ಕ.

"ಅಲ್ಲ ಕಣೋ ದ್ಯಾವಯ್ಯ, ನಾಳೆ ನಿನ್ನ ತೋಟಕ್ಕೆ ಯಾವ ದಾರೀಲಿ ಹೋಗ್ತೀಯ?"

"ಸುತ್ತಿ ಹೋಗ್ತೀನಿ ಕಣಣ್ಣ. ಅಮ್ಮ ಅವ್ಳೆ. ಆನೆ ನಂಗೆ ಗುರ್ತಿನವೇ."

ಆಗ ಹಿಂದಿನಿಂದ ಯಾರೋ, "ನಂಗೂ ಬಂಗುಡೆ ಅಂತ್ಲೇ ಅನ್ನಿಸ್ತು" ಎಂದರು. ಇನ್ನೊಬ್ಬರು, "ನಾನು ಹೇಳಾನ ಅಂತಲೇ ಇದ್ದೆ" ಎಂದರು. ಒಂದು ಕ್ಷಣದಲ್ಲಿ ಊರಿನ ಅಷ್ಟೂ ಮೂಗುಗಳು ಬಿಟ್ಟವು. ಒಬ್ಬನಂತೂ ಹೋದ ವರ್ಷದ ಕೋಳಿ ನಾಟಿಯೋ ಫಾರಮ್ಮೋ ಎಂದು ಸಾಕ್ಷಿ ಹೇಳಲು ಸಿದ್ಧನಾದ.

ಧೈರ್ಯ ಮಾತ್ರ ಅಷ್ಟೇ ಹೊತ್ತು ಇದ್ದದ್ದು. ಶಿವಲೀಲಾ ನಿರ್ದೋಷಿ ಎಂದಾಯಿತು. ಸರಿ, ಈಗ ದೋಷಿಯನ್ನು ಏನು ಮಾಡುವುದು? ಮೋಹನನಿಂದ ಸ್ವಲ್ಪ ದೂರ ಇದ್ದರೆ ಪಲ್ಪರ್ ಇಲ್ಲ, ಜೀಪು ಇಲ್ಲ. ಹಿರಿಯರು ತಲೆಗೆ ತಲೆ ತಾಗಿಸಿ ಕೂತರು. ಕೊನೆಗೆ ರಂಗಸ್ವಾಮಿ ಗಂಟಲು ಸರಿಮಾಡಿಕೊಂಡು, ವಿಚಾರಿಸಿ ನೋಡಲಾಗಿ ಅಮ್ಮನ ಎಲ್ಲೆ ಹಿಂದಿನಿಂದಲೂ ಮೋಹನನ ಗೇಟಿನವರೆಗೆ ಮಾತ್ರ ಇದೆ, ಹೋಂಸ್ಟೇ ಎಲ್ಲೆಯ ಆಚೆ ಬರುತ್ತದೆ, ಆದ್ದರಿಂದ ಯಾರದೂ ತಪ್ಪಿಲ್ಲ ಎಂದು ಸಾರಿದರು. ಜಗತ್ತು ಹುಟ್ಟಿದಾಗಿನಿಂದ ಹೋಂಸ್ಟೇ ಹಿಂದಿನ ಗುಡ್ಡದ ನೆತ್ತಿಯ ಮೇಲಿದ್ದ ಎಲ್ಲೆಕಲ್ಲು ಅಷ್ಟು ಹೊತ್ತಿಗೆ ನಡೆದು ಕೆಳಗಿಳಿದಿತ್ತು.

ಜನ ಉಸಿರು ಬಿಟ್ಟರು. ಬೆಟ್ಟಮ್ಮ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಹಂಗಾದ್ರೆ ಮೋಹನಣ್ಣ ಹೊರಗಿನೋರು ಅಂತಾಯ್ತು" ಎಂದಳು. "ಹೊರಗಿನೋರು ಅಮ್ಮನ ಪಲ್ಲಕ್ಕಿ ಮುಟ್ಬೋದಾ ರಂಗಸ್ವಾಮಣ್ಣ? ಗೊತ್ತಿಲ್ದೆ ಕೇಳ್ತಿವ್ನಿ."

ರಂಗಸ್ವಾಮಿಗೆ ಆ ಕ್ಷಣವೇ ನಿಜವಾದ ಕೆಮ್ಮು ಬಂತು. ಮೋಹನ್ ಎದ್ದು, ಎಲ್ಲೆಕಲ್ಲಿನ ಆಚೆ ನಿಲ್ಲಿಸಿದ್ದ ಜೀಪಿನತ್ತ ಬರಿಗಾಲಲ್ಲಿ ನಡೆದ. ಒಳಗಿನವನಾದರೆ ತಪ್ಪಿತಸ್ಥ, ಹೊರಗಿನವನಾದರೆ ಹೆಗಲು ಹೋಯಿತು. ಆ ಸಂಜೆ ಪಲ್ಲಕ್ಕಿಗೆ ಒಂದು ಹೆಗಲು ಕಡಿಮೆ ಬಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ದ್ಯಾವಯ್ಯ ಹೋಗಿ ನಿಂತ. ಅವನು ಕುಳ್ಳ, ಪಲ್ಲಕ್ಕಿ ಒಂದು ಕಡೆಗೆ ವಾಲಿತು. ಅಮ್ಮ ಹಾಗೆಯೇ ವಾಲಿಕೊಂಡು, ಓಣಿಯನ್ನು ಸಲೀಸಾಗಿ ದಾಟಿ ಹೋದಳು.

ಮರುದಿನ ಮೋಹನನ ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ ಬಿತ್ತು. "ಈಗೇನು ಮಾಡ್ತೀಯ?" ಎಂದಳು ಮಾದಮ್ಮ. "ಬುತ್ತಿ ಕಟ್ಟು" ಎಂದ ದ್ಯಾವಯ್ಯ. ಅಂದಿನಿಂದ ಹಳ್ಳ ದಾಟಿ, ಆನೆ ಕಾಡು ಬಳಸಿ ಹೋಗುತ್ತಾನೆ. ದಾರಿಯಲ್ಲಿ ಸಲಗ ಸಿಕ್ಕರೆ ಊರಿನ ಸುದ್ದಿ ಹೇಳುತ್ತಾನಂತೆ. ಬೀಗ ಇನ್ನೂ ಹಾಗೆಯೇ ಇದೆ. ಅಮ್ಮ ಅದನ್ನು ಒಡೆಸಲಿಲ್ಲ, ಅವನೂ ಕೇಳಿಕೊಂಡಿಲ್ಲ.

ಶಿವಲೀಲಾಳ ಮದುವೆಗೆ ಊರೆಲ್ಲ ಬಂತು. ಸ್ವಲ್ಪ ದೂರ ಇರಲು ತಯಾರಾಗಿದ್ದವರೇ ಮೊದಲ ಪಂಕ್ತಿಯಲ್ಲಿ ಕೂತಿದ್ದರು. ಬೆಟ್ಟಮ್ಮ ಸಾರಿಗೆ ಎಂಥ ಒಗ್ಗರಣೆ ಹಾಕಿಸಿದ್ದಳೆಂದರೆ, ಎಲ್ಲೆಯ ಆಚೆ ಹೋಂಸ್ಟೇಯಲ್ಲಿ ಕೂತಿದ್ದ ಮೋಹನ್ ಮೂರು ಸಲ ಸೀನಿದ ಎಂದು ಬಾಲು ಹೇಳುತ್ತಾನೆ.

ಇನ್ನು ಮುಂದಿನ ಸುಗ್ಗಿಗೆ ಊರು ಈಗಲೇ ನಡುಗುತ್ತಿದೆ. ಮೊನ್ನೆ ಕಾಡಿನ ಮಳೆಗೆ ಸಿಕ್ಕಿ ದ್ಯಾವಯ್ಯನಿಗೆ ಜೀವಮಾನದಲ್ಲೇ ಮೊದಲ ಬಾರಿಗೆ ನಿಜವಾದ ನೆಗಡಿ ಹಿಡಿದಿದೆ. ಮಗ್ಗುಲಲ್ಲಿ ಆನೆ ನಿಂತರೂ ಅವನಿಗೆ ವಾಸನೆ ಹತ್ತುವುದಿಲ್ಲ. ಅವನೇ ಮನೆಮನೆಗೆ ಹೋಗಿ, "ಈ ಸಲ ನಿಜವಾಗ್ಲೂ ನೆಗಡಿ ಕಣ್ರಪ್ಪಾ, ಸುಗ್ಗಿ ತನಕ ಬಿಡ್ತದೋ ಇಲ್ವೋ, ನಿಮ್ಮ ತಪ್ಪು ನೀವೇ ಅಮ್ಮನ ಹತ್ರ ಹೇಳ್ಕಳಿ" ಎನ್ನುತ್ತಿದ್ದಾನೆ. ಒಬ್ಬರೂ ನಂಬುತ್ತಿಲ್ಲ. ಗುಡಿಯಲ್ಲಿ ಅಮ್ಮನ ಮೂಗು ಮೊದಲಿನಂತೆಯೇ ಇದೆ, ಅದರ ಕಡೆ ಯಾರೂ ನೋಡುವುದಿಲ್ಲ. ದ್ಯಾವಯ್ಯನ ಮೂಗು ಕಂಡರೆ ಸಾಕು, ಹೆಂಗಸರು ಸಾಸಿವೆ ಡಬ್ಬಿಯನ್ನು ಹಿತ್ತಲಲ್ಲಿ ಹೂಳುತ್ತಾರೆ.