ಇಪ್ಪತ್ತು ನಿಮಿಷದ ಪತ್ರೊಡೆಗೆ ಹೆದರಿದ ಫ್ಲಾವಿಯಾ

ನೈರೋಬಿಯ ಎಂಬಕಸಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಸರಕು ವಿಮಾನಗಳು ಮನೆಗಳ ತಲೆ ಮೇಲೆಯೇ ಇಳಿಯುತ್ತವೆ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಫ್ಲಾವಿಯಾ ಮಿನೇಜಸ್ ಪತ್ರೊಡೆಗೆಂದು ಕೆಸುವಿನ ಎಲೆಗೆ ಮಸಾಲೆ ಹಿಟ್ಟು ಸವರುತ್ತ ಮಾತು ಶುರು ಮಾಡುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ. ಕಿಟಕಿ ಗಾಜು ಗಡಗಡ ಎನ್ನುತ್ತಿದೆ. "ವೇಟ್ ಮಮ್ಮಾ, ಒನ್ ಮೋರ್ ಈಸ್ ಕಮಿಂಗ್" ಎನ್ನುತ್ತಾಳೆ ಫೋನ್ ಹಿಡಿದು ನಿಂತ ಮಗಳು ಗ್ಲೋರಿಯಾ. ಕಾಲೇಜು ಓದುವ ಹುಡುಗಿ, ಅಮ್ಮನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಕಂಟೆಂಟ್ ಕ್ರಿಯೇಟರ್ ಎಂದರೆ ಮುಖಕ್ಕೆ ದೊಡ್ಡ ದೀಪ ಹಿಡಿಸಿಕೊಂಡು ನಗುವವರು ಎಂದು ಫ್ಲಾವಿಯಾರ ಬಗ್ಗೆ ಬರೆಯಲು ಬರುವವರೆಗೆ ನಾನು ತಿಳಿದಿದ್ದೆ. ಇಲ್ಲಿ ದೀಪವೆಂದರೆ ಪೂರ್ವದ ಕಿಟಕಿ. ಬಿಸಿಲೇರುವ ಮುಂಚೆ ಶೂಟಿಂಗ್ ಮುಗಿಸಿ ಫ್ಲಾವಿಯಾ ಕೆಲಸಕ್ಕೆ ಓಡಬೇಕು. ನಗುವಂತೂ ಇವತ್ತು ಬರುತ್ತಲೇ ಇಲ್ಲ.

"ನೋಡಿ ಮೇಡಂ, ಸವರಿದ ಎಲೆಗೇ ಎರಡೆರಡು ಸಲ ಸವರ್ತಾ ಇದ್ದೇನೆ. ಸುಮ್ಮನೆ ಖುಷಿಗೆ ಮಾಡುವಾಗ ಹೀಗೆಲ್ಲ ಆಗ್ತಿರ್ಲಿಲ್ಲ" ಎನ್ನುತ್ತಾರೆ.

ಇವತ್ತಿನದು ಖುಷಿಗೆ ಮಾಡುವುದಲ್ಲ. ಹಬೆಯಲ್ಲಿ ಬೇಯಿಸುವ ಕರೆಂಟಿನ ಪಾತ್ರೆ ತಯಾರಿಸುವ ಕಂಪೆನಿಯೊಂದು ಅವರಿಗೆ ಸಂಭಾವನೆ ಕೊಟ್ಟು ವಿಡಿಯೋ ಮಾಡಿಸುತ್ತಿದೆ. ಅವರ ಬದುಕಿನ ಮೊದಲ ಬ್ರ್ಯಾಂಡ್ ಕೆಲಸ ಇದು. ಕಂಪೆನಿ ಬರೆದುಕೊಟ್ಟ ಕೊನೆಯ ಮಾತು, "ಪತ್ರೊಡೆ ಕೂಡ ಇಪ್ಪತ್ತೇ ನಿಮಿಷದಲ್ಲಿ ರೆಡಿ." ಅದನ್ನು ಹೇಳಿ, ಒಂದು ತುಂಡು ಬಾಯಿಗಿಟ್ಟು, ನಗಬೇಕು. ಫೋನಿನಲ್ಲಿ ಕೇಳಿದಾಗ ಸಂತೋಷದ ಭರದಲ್ಲಿ ಹೂಂ ಎಂದುಬಿಟ್ಟಿದ್ದಾರೆ. ಅಂದಿನಿಂದ ನಿದ್ದೆ ಬಂದಿಲ್ಲ.

ಫ್ಲಾವಿಯಾ ಕರಾವಳಿಯ ಕಿನ್ನಿಗೋಳಿಯವರು. ಮೇಷ್ಟ್ರಾಗಿ ನೈರೋಬಿಗೆ ಬಂದ ಪ್ರೀತಮ್ ಅವರನ್ನು ಮದುವೆಯಾಗಿ ಬಂದು ಇಪ್ಪತ್ತು ವರ್ಷ ದಾಟಿದೆ. ಪ್ರೀತಮ್ ಈಗಲೂ ಇಲ್ಲಿನ ಲ್ಯಾವಿಂಗ್ಟನ್ ಬಡಾವಣೆಯ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಫ್ಲಾವಿಯಾ ವಿಮಾನ ನಿಲ್ದಾಣದ ಬಳಿಯ ಸರಕು ಸಾಗಣೆ ಕಚೇರಿಯಲ್ಲಿ ಕಾಗದಪತ್ರ ನೋಡುವವರು. ಆ ಕಚೇರಿ ವರ್ಷಾಂತ್ಯಕ್ಕೆ ಮೊಂಬಾಸಾಕ್ಕೆ ಹೋಗುತ್ತದೆ, ಇವರನ್ನು ಕರೆದೊಯ್ಯುವುದಿಲ್ಲ. ಇಲ್ಲಿನ ಸಂತೆಯಲ್ಲಿ ಸಿಗುವ ಸಾಮಾನಿನಲ್ಲೇ ನಮ್ಮ ಅಡುಗೆ ಮಾಡುವುದು ಹೇಗೆಂದು ಕನ್ನಡದಲ್ಲಿ ತೋರಿಸುವ ಈ ವಿಡಿಯೋಗಳೇ ಮುಂದಿನ ದಾರಿಯಾದೀತು ಎಂಬ ಆಸೆ ಅವರದು.

ಆ ದಾರಿ ಸುಲಭದ್ದಲ್ಲ. ಯಾರೂ ಕೇಳದಿದ್ದರೂ ಮನೆಯ ಮಿಕ್ಸಿ, ಅಕ್ಕಿ ಚೀಲ, ಎಣ್ಣೆ ಡಬ್ಬಿಗಳನ್ನೇ ಇಟ್ಟುಕೊಂಡು ಜಾಹೀರಾತಿನಂಥ ವಿಡಿಯೋ ಮಾಡಿ ಕಂಪೆನಿಗಳಿಗೆ ಕಳಿಸಿದ್ದಾರೆ. "ಹೆಚ್ಚಿನವರು ನೋಡಿಯೂ ಇಲ್ಲ. ನೋಡಿದವರು, ಮೊದಲು ಯಾವ ಬ್ರ್ಯಾಂಡಿಗೆ ಮಾಡಿದ್ದೀರಿ ಅಂತ ಕೇಳಿದ್ರು. ಮೊದಲಿನದ್ದು ಸಿಕ್ಕಿದ್ರೆ ಅಲ್ವಾ ಹೇಳುವುದು" ಎನ್ನುತ್ತಾರೆ. ಕೊನೆಗೆ ಕರೆದದ್ದು ಬೆಂಗಳೂರಿನಿಂದ ಬಂದು ಈ ಕಂಪೆನಿಯ ಪ್ರಚಾರ ನೋಡಿಕೊಳ್ಳುತ್ತಿರುವ ನಿಹಾರಿಕಾ. ಫ್ಲಾವಿಯಾ ಹಿಂದಿನ ವರ್ಷ ಹಾಕಿದ್ದ ಪತ್ರೊಡೆ ವಿಡಿಯೋ ಆಕೆಗೆ ಹಿಡಿಸಿತ್ತು.

ಅದೇ ವಿಡಿಯೋ ಫ್ಲಾವಿಯಾರ ಎದೆಯಲ್ಲಿ ಮುಳ್ಳಾಗಿ ಕೂತಿದೆ. ನೈರೋಬಿಯವರು ಕೆಸುವಿನ ಗೆಡ್ಡೆ ಬೇಯಿಸಿ ತಿನ್ನುತ್ತಾರೆ, ಎಲೆ ಬಿಸಾಡುತ್ತಾರೆ. ಇವರಿಗಾಗಿ ತರಕಾರಿಯಾಕೆ ಎಲೆ ಎತ್ತಿಡುತ್ತಾಳೆ. ಊರಿನ ಎಲೆಗಿಂತ ಈ ಎಲೆಗೆ ತುರಿಕೆ ಜಾಸ್ತಿ. ಹುಳಿ ಹೆಚ್ಚು ಹಾಕಬೇಕು, ಮುಕ್ಕಾಲು ಗಂಟೆಯಾದರೂ ಬೇಯಬೇಕು. ವಿಡಿಯೋದಲ್ಲಿ ಇದನ್ನು ಹೇಳಲು ಮರೆತಿದ್ದರು.

"ಮರೆತದ್ದೂ ಅಲ್ಲ. ನಮ್ಮ ಕಡೆ ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ, ಗೊತ್ತೇ ಇರ್ತದೆ. ಹಾಗಾಗಿ ಬಾಯಿಗೆ ಬರ್ಲೇ ಇಲ್ಲ."

ಬೆಂಗಳೂರಿನಿಂದ ಸೌತ್ ಬಿ ಬಡಾವಣೆಗೆ ಹೊಸದಾಗಿ ಬಂದಿದ್ದ ಮೈಥಿಲಿ ಅದನ್ನು ನೋಡಿ ಪತ್ರೊಡೆ ಮಾಡಿ, ಊರಿಂದ ಬಂದಿದ್ದ ಮಾವ ದ್ವಾರಕಾನಾಥ್ ಅವರಿಗೆ ಮೊದಲು ಬಡಿಸಿದರು. ಅವರ ಗಂಟಲು ಊದಿಕೊಂಡು ಉಸಿರಿಗೇ ಕಷ್ಟವಾಯಿತು, ಆಸ್ಪತ್ರೆ ಸೇರಿದರು. ಎರಡು ದಿನಕ್ಕೆ ಸುಧಾರಿಸಿಕೊಂಡರು. ನೋಡಲು ಹೋದ ಫ್ಲಾವಿಯಾರನ್ನು ಯಾರೂ ಬಯ್ಯಲಿಲ್ಲ. "ನಿಮ್ಮ ವಿಡಿಯೋ ನೋಡೇ ಮಾಡಿದ್ದು ಆಂಟಿ" ಎಂದರಂತೆ ಮೈಥಿಲಿ, ಅಷ್ಟೇ.

"ಬೈದಿದ್ರೆ ಒಳ್ಳೇದಿತ್ತು" ಎನ್ನುತ್ತಾರೆ ಫ್ಲಾವಿಯಾ.

ಸುರುಳಿಗಳನ್ನು ಬೇಯಲಿಟ್ಟ ಪಾತ್ರೆಯ ಗಂಟೆ ಹೊಡೆಯುತ್ತದೆ. ಇಪ್ಪತ್ತು ನಿಮಿಷವಾಗಿದೆ. ಮುಚ್ಚಳ ತೆಗೆದು ಸುರುಳಿಯೊಂದನ್ನು ಕತ್ತರಿಸುತ್ತಾರೆ. ನೋಡಲು ಏನೂ ಕಡಿಮೆಯಿಲ್ಲ, ಘಮಘಮ ಎನ್ನುತ್ತಿದೆ. ಗ್ಲೋರಿಯಾ ಫೋನ್ ಎತ್ತಿ ಹಿಡಿಯುತ್ತಾಳೆ. ಬರೆದುಕೊಟ್ಟ ಪ್ರಕಾರ ಮೊದಲು ಮಾತು, ಆಮೇಲೆ ತುತ್ತು. ಫ್ಲಾವಿಯಾ ಮಾತಾಡದೆ ತುತ್ತನ್ನೇ ಬಾಯಿಗಿಡುತ್ತಾರೆ. ಅಗಿಯುತ್ತಾರೆ, ನುಂಗುತ್ತಾರೆ, ಕಾಯುತ್ತಾರೆ. ನನಗೂ ತಟ್ಟೆಯಲ್ಲಿ ಒಂದು ತುಂಡು ಬಂದಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮುಟ್ಟುವ ಧೈರ್ಯ ನನಗಾಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಅವರ ಕೈ ಕುತ್ತಿಗೆಗೆ ಹೋಗುತ್ತದೆ. ಕಣ್ಣಲ್ಲಿ ನೀರು. "ಮಮ್ಮಾ, ಆರ್ ಯು ಓಕೆ?" ಗ್ಲೋರಿಯಾ ಫೋನ್ ಇಳಿಸಲು ಹೋಗುತ್ತಾಳೆ. ಬೆಲ್ಲ ನೆಕ್ಕಿ, ಮಜ್ಜಿಗೆ ಕುಡಿದು, ಫ್ಲಾವಿಯಾ ಮಗಳಿಗೆ ನಿಲ್ಲಿಸಬೇಡ ಎಂದು ಸನ್ನೆ ಮಾಡುತ್ತಾರೆ. ಆಮೇಲೆ ಒಡೆದ ದನಿಯಲ್ಲಿ ಫೋನಿಗೇ ನೇರ ಹೇಳುತ್ತಾರೆ, "ಇಪ್ಪತ್ತು ನಿಮಿಷಕ್ಕೆ ಇದು ಬೇಯ್ಲಿಲ್ಲ. ನಂಗೆ ಗಂಟಲು ಕೆರೀತಾ ಉಂಟು. ನೀವು ತಿನ್ನಬೇಡಿ. ಇನ್ನೊಮ್ಮೆ ನೀರು ಹಾಕಿ ಅರ್ಧ ಗಂಟೆ ಇಡ್ತೇನೆ."

ವಿಡಿಯೋ ನಿಹಾರಿಕಾಗೆ ಹೋಗುತ್ತದೆ. ಕೂಡಲೇ ಕರೆ ಬರುತ್ತದೆ. "ಆಂಟಿ, ನೀವು ಸರಿಯಾಗೇ ಹೇಳಿದ್ದೀರ, ನಾನ್ ಇಲ್ಲ ಅನ್ನಲ್ಲ. ಬಟ್ ಇದನ್ನ ಮೇಲಿನವರಿಗೆ ಹೆಂಗ್ ತೋರಿಸ್ಲಿ? ಕ್ಯಾನ್ಸಲ್ ಮಾಡಿದ್ರೆ ನನ್ ಕೈಲಿ ಏನೂ ಇರಲ್ಲ."

"ಮಾಡ್ಲಿ ನಿಹಾರಿಕಾ. ಆ ಮಾತು ನಂಗೆ ಹೇಳ್ಲಿಕ್ಕೆ ಆಗುವುದಿಲ್ಲ" ಎಂದು ಫೋನಿಡುತ್ತಾರೆ. ಪಾತ್ರೆಗೆ ಮತ್ತೆ ನೀರು ಹಾಕುತ್ತಾರೆ. ಮಗಳ ಕಡೆ ನೋಡುವುದಿಲ್ಲ. ಈ ಕೆಲಸ ಹೋದರೆ ಎರಡನೆಯದು ಹುಟ್ಟುವುದೇ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಮಟಾಟು ಹಿಡಿಯಲು ನಾವಿಬ್ಬರೂ ರಸ್ತೆಗೆ ಬರುತ್ತೇವೆ. ತುಂಬಿದ ವ್ಯಾನುಗಳು ಒಂದರ ಹಿಂದೆ ಒಂದು ಹಾದುಹೋಗುತ್ತವೆ, ಫ್ಲಾವಿಯಾ ಯಾವುದನ್ನೂ ಹತ್ತುವುದಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ. ನಿಹಾರಿಕಾಳ ಕರೆ ಬಂದಾಗ ತಕ್ಷಣ ಎತ್ತುವುದೂ ಇಲ್ಲ. ಎತ್ತಿದ ಮೇಲೆ ಹೂಂ, ಹೂಂ ಎನ್ನುವುದಷ್ಟೇ ನನಗೆ ಕೇಳುತ್ತದೆ.

"ಪತ್ರೊಡೆ ಬೇಡವಂತೆ" ಎನ್ನುತ್ತಾರೆ ಕೊನೆಗೆ. "ಇಡ್ಲಿ ಮಾಡ್ಬೇಕಂತೆ. ಕೆಲಸ ನಂಗೇ ಅಂತೆ."

ನಾನು ಉಸಿರು ಬಿಡುತ್ತೇನೆ, ಅವರು ಬಿಡುವುದಿಲ್ಲ. "ಅವರು ಹನ್ನೆರಡು ನಿಮಿಷ ಅಂತಾರೆ. ಈ ಎತ್ತರದ ಊರಲ್ಲಿ ನೀರು ಬೇಗ ಕುದೀತದೆ, ಬೇಯುವುದು ತಡ. ಸಂಜೆ ಮಾಡಿ ನೋಡ್ಬೇಕು" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ.

ಇಡ್ಲಿಗೆ ಯಾರ ಗಂಟಲೂ ಊದುವುದಿಲ್ಲವಲ್ಲ, ಇನ್ನಾದರೂ ಧೈರ್ಯವಾಗಿರಬಹುದಲ್ಲ ಎಂದು ಕೇಳುತ್ತೇನೆ. ಮಟಾಟುವಿನ ಬಾಗಿಲಲ್ಲಿ ಒಂದು ಕಾಲಿಟ್ಟು ಫ್ಲಾವಿಯಾ ತಿರುಗುತ್ತಾರೆ.

"ಕಂಪೆನಿಯವರ ಮಾತಿಗೆ ಕಂಪೆನಿಯವರು ಸಂಬಳ ಕೊಡ್ತಾರೆ. ನೋಡುವವರು ಅದನ್ನು ನನ್ನ ಮಾತು ಅಂತ ನಂಬಿ ಮನೆಯವರಿಗೆ ಬಡಿಸ್ತಾರೆ. ಹತ್ತು ಕೆಲಸ ಸಿಗ್ಲಿ ಅಂತ ನಂಗೂ ಆಸೆ ಉಂಟು ಮೇಡಂ. ಆದ್ರೆ ಹತ್ತನೆಯದಕ್ಕೂ ನಂಗೆ ಇಷ್ಟೇ ಹೆದರಿಕೆ ಆಗ್ಬೇಕು."