ಅಮ್ಮನ ಮೂಗುತಿ ಮತ್ತು ನನ್ನ ಮೆಟಲ್ ಡಿಟೆಕ್ಟರ್

ಗಂಡನ ಸ್ಕಿಲ್ಡ್ ವೀಸಾದ ಬಾಲ ಹಿಡಿದು ಸಿಡ್ನಿಗೆ ಬಂದವಳು ನಾನು. ಎಪ್ಪಿಂಗ್‌ನ ಪುಟ್ಟ ಯೂನಿಟ್‌ನಲ್ಲಿ, ಅಂದರೆ ಫ್ಲ್ಯಾಟಿನಲ್ಲಿ, ಬೆಳಿಗ್ಗೆ ಎಂಟಕ್ಕೆಲ್ಲ ಅಡುಗೆ ಮುಗಿಯುತ್ತಿತ್ತು. ಆಮೇಲೆ ಸಂಜೆ ಆರರವರೆಗೆ ಗೋಡೆ ನೋಡುತ್ತ ಕೂರುವ ಕೆಲಸ. ಹಾಕಿದ ಅರ್ಜಿಗಳಿಗೆಲ್ಲ ‘ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ’ ಎಂಬ ಒಂದೇ ಉತ್ತರ. ಹೀಗಿರುವಾಗ ಪಕ್ಕದ ಬೀದಿಯಲ್ಲಿ ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ನಲ್ಲಿ ಹಳೆಯ ಮೆಟಲ್ ಡಿಟೆಕ್ಟರ್ ಒಂದು ಕಣ್ಣಿಗೆ ಬಿತ್ತು. ಮಾರುತ್ತಿದ್ದ ಮುದುಕ ಅದನ್ನು ಹುಲ್ಲಿನ ಮೇಲೆ ಆಡಿಸಿದ. ಟುಂಯ್ ಎಂದಿತು. ಅಗೆದರೆ ಬಾಟಲಿಯ ಮುಚ್ಚಳ! ಇಬ್ಬರೂ ಮನಸಾರೆ ನಕ್ಕೆವು. ಇನ್ನೊಬ್ಬರ ಜಾಗವಾದರೆ ಕೇಳಿ ಅಗೆಯಬೇಕು, ಅಗೆದ ಗುಂಡಿಯನ್ನು ಮುಚ್ಚಲೇಬೇಕು ಎಂದು ಪಾಠ ಹೇಳಿ ಮಿಷನ್ನನ್ನು ನನ್ನ ಕೈಗಿತ್ತ.

“ನಿಧಿ ಸಿಕ್ಕಿದ ದಿನ ಹೇಳು, ನಾನೂ ಜಾಬ್ ಬಿಡ್ತೀನಿ,” ಅಂದರು ನಮ್ಮವರು.

ವಾರಕ್ಕೆರಡು ದಿನ ಟ್ರೈನು, ಫೆರ್ರಿ ಹತ್ತಿ ಮ್ಯಾನ್ಲಿಯ ಕಡಲ ತೀರಕ್ಕೆ ಹೋಗತೊಡಗಿದೆ. ಚೂಡಿದಾರ, ದೊಡ್ಡ ಟೋಪಿ, ಕಿವಿಗೆ ಹೆಡ್‌ಫೋನ್, ಕೈಯಲ್ಲೊಂದು ಮಣ್ಣು ತೋಡುವ ಸಣ್ಣ ಸಲಿಕೆ. ನಮ್ಮ ಕನ್ನಡದ ಆಂಟಿಯೊಬ್ಬರು ಅಲ್ಲಿ ಎದುರಾಗಿ, “ಏನ್ರೀ, ಬೀಚನ್ನೂ ವ್ಯಾಕ್ಯೂಮ್ ಮಾಡಕ್ಕೆ ಶುರು ಮಾಡಿದ್ರಾ?” ಎಂದು ಕೇಳಿದ್ದುಂಟು. ಸಿಗುತ್ತಿದ್ದುದು ಹೆಚ್ಚಾಗಿ ಕೂಲ್‌ಡ್ರಿಂಕ್ಸ್ ಕ್ಯಾನಿನ ರಿಂಗುಗಳು, ಕೂದಲ ಪಿನ್ನುಗಳು, ಯಾವುದೋ ಮನೆಯ ಬೀಗದ ಕೈ. ಒಮ್ಮೆ ಚಕ್ರವಿಲ್ಲದ ಆಟದ ಕಾರು. ಆದರೂ ಸದ್ದಾದ ಗಳಿಗೆಯಿಂದ ವಸ್ತು ಕೈಗೆ ಬರುವ ತನಕದ ಆ ಅರೆ ನಿಮಿಷ ಇದೆಯಲ್ಲ, ಅದರ ಖುಷಿಯೇ ಬೇರೆ. ಆ ಅರೆ ನಿಮಿಷದಲ್ಲಿ ಏನು ಬೇಕಾದರೂ ಇರಬಹುದು. ಕೆಲಸ ಸಿಗದವಳಿಗೆ ಅಂಥ ‘ಇರಬಹುದು’ ದೊಡ್ಡ ಆಸರೆಯಾಗಿತ್ತು.

ಆ ವರ್ಷದ ಗೌರಿ ಹಬ್ಬಕ್ಕೆ ಕ್ರಾಫ್ಟ್ ಅಂಗಡಿಯಿಂದ ಜೇಡಿಮಣ್ಣು ತಂದು ನಾನೇ ಗೌರಿ ಮಾಡಿದೆ. ಮೂಗು ಸ್ವಲ್ಪ ದಪ್ಪವಾಯಿತು. ಅದು ಮರೆಯಾಗಲೆಂದು ಅಮ್ಮನ ಏಳು ಕಲ್ಲಿನ ಮೂಗುತಿಯನ್ನು ಹಸಿ ಮಣ್ಣಿಗೆ ಒತ್ತಿದೆ. ನಾನು ಮೈಸೂರಿನಿಂದ ಹೊರಟ ದಿನ ಅಮ್ಮ ತನ್ನ ಮೂಗಿನಿಂದಲೇ ಬಿಚ್ಚಿ ಕೊಟ್ಟಿದ್ದ ಮೂಗುತಿ ಅದು. ಹೊಳೆಗೆ ಬಿಡುವಂತಿಲ್ಲವಾದ್ದರಿಂದ ಬಕೆಟ್ಟಿನಲ್ಲೇ ವಿಸರ್ಜನೆ. ಸರ, ಬಳೆ ಎಲ್ಲ ತೆಗೆದಿಟ್ಟೆ. ಗೌರಿ ಕರಗಿದಳು. ಯಾರೂ ತುಳಿಯದ ಜಾಗ ಬೇಕಲ್ಲ, ಆ ಕೆಸರು ನೀರನ್ನು ಯೂನಿಟ್‌ಗಳ ಹಿಂದಿನ ದಾಸವಾಳದ ಬುಡಕ್ಕೆ ಸುರಿದು ಕೈ ಮುಗಿದು ಬಂದೆವು. ಮುಂದೆ ಎರಡೇ ತಿಂಗಳಲ್ಲಿ ನಮ್ಮವರಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಗಿ, ಟಾರ್ನೀಟ್‌ನ ಹೊಸ ಬಡಾವಣೆಗೆ ಗಂಟುಮೂಟೆ ಕಟ್ಟಿದೆವು.

ಮರುವರ್ಷ ಹಬ್ಬಕ್ಕೆ ಹದಿನೈದು ದಿನವಿರುವಾಗ ಅಮ್ಮ ಮೊದಲ ಸಲ ನಮ್ಮಲ್ಲಿಗೆ ಬರುವವಳಿದ್ದಳು. ಒಡವೆ ಡಬ್ಬಿ ತೆರೆದರೆ ಮೂಗುತಿ ಇಲ್ಲ. ಮನೆಯೆಲ್ಲ ತಲೆಕೆಳಗು ಮಾಡಿದೆ. ಕೊನೆಗೆ ಕೈಯಲ್ಲಿ ಹಿಂದಿನ ವರ್ಷದ ಗೌರಿಯ ಫೋಟೋ ಹಿಡಿದು ಕುಸಿದು ಕೂತೆ. ಸರ ತೆಗೆದ ಮಹಾರಾಯ್ತಿ ನಾನು, ಗೌರಿಯ ಮೂಗು ನೋಡಿರಲೇ ಇಲ್ಲ.

ಏರ್‌ಪೋರ್ಟಿನಲ್ಲಿ ಅಮ್ಮ ನಗುತ್ತ ಬಂದಳು. ಬೋಳು ಮೂಗು. ನಾನು ಸೂಟ್‌ಕೇಸ್ ನೋಡುವವಳ ಹಾಗೆ ತಲೆ ತಗ್ಗಿಸಿದೆ. ಮಾರನೆಯ ದಿನ ಕಾಫಿ ಕುಡಿಯುತ್ತ, “ಮೂಗುತಿ ತೆಗೆದು ಕೊಡೇ, ಅಂಟವಾಳದಲ್ಲಿ ತೊಳೆದಿಡ್ತೀನಿ, ಹಬ್ಬಕ್ಕೆ ಫಳಫಳ ಅನ್ಲಿ,” ಎಂದಳು. ನಡೆದದ್ದೆಲ್ಲ ಹೇಳಿಬಿಟ್ಟೆ. ಅಮ್ಮ ಲೋಟ ಎತ್ತಿಕೊಂಡು ತೊಳೆಯಲು ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

“ಆ ಗಿಡ ಅಲ್ಲೇ ಇದೆ ತಾನೇ? ನಿನ್ನ ಹತ್ರ ಮಿಷನ್ ಇದೆ ತಾನೇ? ಮತ್ಯಾಕೆ ಅಳುಮುಖ?”

ಆ ವಾರಾಂತ್ಯಕ್ಕೆ ಚಿತ್ರಾನ್ನ ಕಟ್ಟಿಕೊಂಡು ಕಾರಿನಲ್ಲಿ ಸಿಡ್ನಿಗೆ ಹೊರಟೆವು. ಪರಿಚಯದವರ ಮನೆಯಲ್ಲಿ ಮಲಗಿ ಎದ್ದು, ಭಾನುವಾರ ಬೆಳಿಗ್ಗೆ ಎಪ್ಪಿಂಗ್‌ನ ಹಳೆಯ ಯೂನಿಟ್ ತಲುಪಿದೆವು. ತೋಟ ನೋಡಿಕೊಳ್ಳುತ್ತಿದ್ದ ಕೆಳಮನೆಯ ಹೆಂಗಸು ಕಥೆ ಕೇಳಿ, ಒಪ್ಪಿ, ತಾನೂ ಕುರ್ಚಿ ತಂದು ಹಾಕಿಕೊಂಡು ಕೂತಳು. ನಮ್ಮವರು ಸಲಿಕೆ ಹಿಡಿದರು.

ಮಿಷನ್ ಆಡಿಸತೊಡಗಿದೆ. ಟುಂಯ್. ಮೊಳೆ. ಎಸೆದೆ. ಟುಂಯ್. ಐದು ಸೆಂಟ್ ನಾಣ್ಯ. ಛೀ ಎಂದು ಅದನ್ನೂ ಎಸೆದೆ. ಕಾಂಪೌಂಡ್ ಪಕ್ಕ ಇನ್ನೊಂದು ಸದ್ದು ಬಂದಾಗ, “ಇಲ್ಲೂ ಏನೋ ಅಂತಿದೆ, ಗಿಡದಿಂದ ದೂರ, ಬೇಡ,” ಎಂದು ಗೊಣಗಿ ಅಗೆಯದೆ ವಾಪಸು ಬಂದೆ. ಇಷ್ಟು ದಿನ ಸದ್ದು ಕೇಳಿದರೆ ಹಿಗ್ಗುತ್ತಿದ್ದವಳಿಗೆ ಈಗ ಪ್ರತಿ ಸದ್ದಿಗೂ ಸಿಟ್ಟು ಬರುತ್ತಿತ್ತು. ಒಂದೇ ವಸ್ತು ಬೇಕು ಎಂದು ಹೊರಟರೆ ಮಿಕ್ಕಿದ್ದೆಲ್ಲ ಕಸ. ಆದರೆ ಅಮ್ಮ ಸ್ವೆಟರಿನ ಮೇಲೆ ಸೆರಗು ಸಿಕ್ಕಿಸಿ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ನಾನು ಎಸೆದದ್ದನ್ನೆಲ್ಲ ಆರಿಸಿ ಒರೆಸುತ್ತಿದ್ದಳು. “ಈ ಮೊಳೆ ಯಾರದೋ ತೊಟ್ಟಿಲಿಂದ ಕಳಚಿದ್ದಿರ್ಬೇಕು. ಈ ನಾಣ್ಯ ಯಾವ ಮಗು ಜೇಬಿಂದ ಬಿತ್ತೋ ಪಾಪ. ಅಯ್ಯೋ, ಈ ಬಟನ್ ನೋಡೇ, ಆಂಕರ್ ಇದೆ, ಹಡಗಿನವನದ್ದೇ!” ಎಂದು ಒಂದೊಂದಕ್ಕೂ ಕಥೆ ಕಟ್ಟುತ್ತ, ಕುರ್ಚಿಯ ಹೆಂಗಸಿಗೆ ಕನ್ನಡದಲ್ಲೇ ವಿವರಿಸುತ್ತಿದ್ದಳು. ಆಕೆಯೂ ಎಲ್ಲ ತಿಳಿದವಳಂತೆ ತಲೆದೂಗುತ್ತಿದ್ದಳು.

ಒಂದೂವರೆ ಗಂಟೆಯ ಮೇಲೆ ಬುಡಕ್ಕೆ ತೀರ ಹತ್ತಿರದಲ್ಲಿ ಒಂದು ಕ್ಷೀಣ ಸದ್ದು. ನಾಲ್ಕು ಕಡೆಯಿಂದ ಆಡಿಸಿ ನೋಡಿದೆ, ಅದೇ ಜಾಗ. ಸಲಿಕೆ ಬಿಟ್ಟು ಬೆರಳಲ್ಲೇ ಕೆದಕಿದೆ. ಕ್ರಾಫ್ಟ್ ಅಂಗಡಿಯ ಬಿಳಿ ಜೇಡಿಮಣ್ಣಿನ ಉಂಡೆಯೊಂದು ಬಂತು. ಒಡೆದರೆ ಒಳಗೆ ಏಳು ಕಲ್ಲೂ ನೆಟ್ಟಗಿದ್ದವು. ಹಿಂದಿನ ತಿರುಪಿನಲ್ಲೂ ಮಣ್ಣು ಮೆತ್ತಿತ್ತು, ಅಷ್ಟೇ.

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನದ ಹೆದರಿಕೆಯೆಲ್ಲ ಒಟ್ಟಿಗೆ ಕಿತ್ತುಕೊಂಡು ಬಂತು. ಕೆಸರುಗೈಯಲ್ಲೇ ಮೂಗುತಿಯನ್ನು ಅಮ್ಮನ ಮುಂದೆ ಹಿಡಿದೆ. ಹಾಕಿಕೊಳ್ಳುತ್ತಾಳೆ, ಕಣ್ಣಿಗೊತ್ತಿಕೊಳ್ಳುತ್ತಾಳೆ, ಕಡೇಪಕ್ಷ ನಾಲ್ಕು ಮಾತು ಬೈಯುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ನನ್ನ ತಲೆಯ ಹೆಡ್‌ಫೋನ್ ಬಿಚ್ಚಿ ತನ್ನ ಕಿವಿಗೆ ಹಾಕಿಕೊಂಡಳು.

“ಆ ಕಾಂಪೌಂಡ್ ಪಕ್ಕ ಆಗ್ಲೇ ಒಂದು ಸದ್ದು ಬಂತಲ್ಲ, ನೀನು ಬಿಟ್ಟು ಬಂದೆ,” ಎಂದಳು. “ಅಳೋದು ಆಮೇಲೆ ಅಳುವೆಯಂತೆ. ಮೊದಲು ಆ ಮಿಷನ್ ಇಲ್ಲಿ ಕೊಡು.”