ಶರಣಮ್ಮ ಕೇಳಿದ ಪ್ರಶ್ನೆ

ಹಲಸೂರಿನಲ್ಲಿ ನಾನು ತಟ್ಟಿದ ಮೊದಲ ಮನೆಯ ಅಜ್ಜಿ ತಮಿಳಿನಲ್ಲಿ ಮಾತಾಡಿದರು. ಎರಡನೆಯ ಮನೆಯಲ್ಲಿ ದಖನಿ ಉರ್ದು. ಮೂರನೆಯ ಮನೆಯಾಕೆ ಕನ್ನಡದವರೇ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸ್ವಲ್ಪ ಕನ್ನಡದಲ್ಲಿ ಹೇಳ್ತೀರಾ?" ಎಂದರು. ಯಾದಗಿರಿಯವಳಾದ ನನಗೆ ಬೆಂಗಳೂರು ಸಿಕ್ಕಿದ್ದು ಹೀಗೆ.

ಆರೋಗ್ಯ ಅಧ್ಯಯನವೊಂದಕ್ಕಾಗಿ ಮನೆಮನೆ ತಿರುಗುವುದು ನನ್ನ ಕೆಲಸ. ಕಟ್ಟಿಗೆ ಒಲೆಯ ಮನೆಗಳ ಕೂಸುಗಳು, ಗ್ಯಾಸ್ ಒಲೆಯ ಮನೆಗಳ ಕೂಸುಗಳು, ಎರಡೂ ಗುಂಪನ್ನು ಹುಟ್ಟಿದಂದಿನಿಂದ ನೋಡುತ್ತ ಹೋಗಿ, ಉಸಿರಿನ ಕಾಯಿಲೆ ಎಲ್ಲಿ ಹೆಚ್ಚು ಎಂದು ಹೋಲಿಸಬೇಕು. ಇಂಥದಕ್ಕೆ ಕೋಹಾರ್ಟ್ ಅಧ್ಯಯನ ಎನ್ನುತ್ತಾರೆ. ಊರಲ್ಲಾದರೆ ಹೊಸ್ತಿಲಲ್ಲಿ ನಿಂತವರಿಗೆ ಮೊದಲು ನೀರು ಬರುತ್ತದೆ, ಇಲ್ಲಿ ಗ್ರಿಲ್ಲಿನ ಹಿಂದಿನಿಂದ "ಏನ್ ಬೇಕಿತ್ತು?" ಬರುತ್ತದೆ.

ಬೈಯಪ್ಪನಹಳ್ಳಿಯ ಶೀಟ್ ಮನೆಗಳಲ್ಲಿ, ಅಂದರೆ ತಗಡು ಹೊದಿಸಿದ ಬಾಡಿಗೆ ಕೋಣೆಗಳಲ್ಲಿ, ಶರಣಮ್ಮ ಸಿಕ್ಕಳು. ನಮ್ಮದೇ ಜಿಲ್ಲೆಯ ಶಹಾಪುರದ ಕಡೆಯವಳು, ಗಂಡನದು ಗಾರೆ ಕೆಲಸ. "ಒಳಗ ಬರ್ರಿ ಅಕ್ಕಾ, ಉಂಡೇ ಹೋಗ್ರಿ" ಎಂದು ಕೈಹಿಡಿದಳು. ಗಂಡ ಕೆಲಸದ ಜಾಗದಿಂದ ತಂದ ಒಡೆದ ಸೆಂಟ್ರಿಂಗ್ ಹಲಗೆ ಉರಿಸಿ ಜೋಳದ ರೊಟ್ಟಿ ಬಡಿದು ಪುಂಡಿಪಲ್ಯ ಬಡಿಸಿದಳು. ಬೆಂಗಳೂರಿನಲ್ಲಿ ನನಗೆ ಹೊಟ್ಟೆ ತುಂಬಿದ್ದು ಅಂದೇ. ಅವಳ ಕೂಸು ಮಲ್ಲು ನನ್ನ ತೊಡೆಯ ಮೇಲೆ ನಿದ್ದೆಹೋದ. ಹೊಗೆಯಿಂದ ದೂರ ಮಲಗಿಸು ಎಂದು ಹೋದಾಗಲೆಲ್ಲ ಹೇಳುತ್ತಿದ್ದೆ.

"ಇರೋದೇ ಒಂದ್ ಖೋಲಿ ಅಕ್ಕಾ, ದೂರ ಅಂದ್ರ ಎಲ್ಲಿ?" ಎಂದು ನಗುತ್ತಿದ್ದಳು.

ಚಳಿಗಾಲದಲ್ಲಿ ಮಲ್ಲುವಿನ ಎದೆ ಗೊರಗುಟ್ಟತೊಡಗಿತು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಕೂಸು ಉಳಿಯಲಿಲ್ಲ.

ಕೂಸು ಹೋದ ಮನೆಯಲ್ಲೂ ಒಮ್ಮೆ ಕೂತು ತಾಯಿಯನ್ನು ಕೇಳಬೇಕೆಂಬುದು ಅಧ್ಯಯನದ ನಿಯಮ. ಬೇರೆಯವರನ್ನು ಕಳಿಸಲು ಮನಸ್ಸಾಗದೆ ನಾನೇ ಹೋದೆ. ಜ್ವರ ಯಾವಾಗ ಬಂತು, ಹಾಲು ಕುಡಿಯುತ್ತಿದ್ದನೇ, ಎಲ್ಲಕ್ಕೂ ಉತ್ತರಿಸಿದ ಮೇಲೆ ಶರಣಮ್ಮ, "ಈಗ ನಾ ಒಂದ್ ಕೇಳ್ತೀನ್ರಿ. ನನ್ನ ಒಲಿ ಹೊಗಿನೇ ಕೂಸಿಗಿ ತಿಂತೇನು?" ಎಂದಳು.

ಹೊಗೆಯಿದ್ದಲ್ಲಿ ಕಾಯಿಲೆ ಹೆಚ್ಚೇ ಎಂದು ನಮ್ಮ ವಿದ್ಯೆ ಇಡೀ ಗುಂಪಿನ ಬಗ್ಗೆ ಹೇಳಬಲ್ಲದು. ಒಂದು ಕೂಸಿನ ಬಗ್ಗೆ ಹೇಳಲಾರದು. ಗ್ಯಾಸ್ ಒಲೆಯ ಮನೆಗಳಲ್ಲೂ ಕೂಸುಗಳು ಹೋಗುತ್ತವೆ.

"ಗೊತ್ತಿಲ್ಲ ಶರಣವ್ವಾ. ಯಾರಿಗೂ ಗೊತ್ತಾಗಂಗಿಲ್ಲ" ಎಂದೆ. ಅದು ನಿಜವೇ ಆಗಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. "ಅಲ್ಲ ಅಂತ ಒಂದ್ ಮಾತರ ಅನಬಾರದೇನ್ರಿ, ಅಕ್ಕಾ?"

ಮತ್ತೆ ಹೋದಾಗ ಖೋಲಿಯಲ್ಲಿ ಬೇರೆಯವರಿದ್ದರು. ಗಂಡಹೆಂಡತಿ ಊರಿಗೆ ಮರಳಿದ್ದರು. ಯುಗಾದಿಗೆ ನಾನೂ ಊರಿಗೆ ಹೋದವಳು, ಅವಳ ಹಳ್ಳಿಯನ್ನು ಹುಡುಕಿಕೊಂಡು ಹೋದೆ. ಶರಣಮ್ಮ ಬಾಗಿಲಿಗೆ ಬಂದಳು. ಕೈ ಹಿಡಿಯಲಿಲ್ಲ. ಯಾರು ಎಂದು ಅತ್ತೆ ಕೇಳಿದ್ದಕ್ಕೆ, "ಬೆಂಗಳೂರಿನವ್ರು" ಎಂದಷ್ಟೇ ಹೇಳಿ ಒಳಗೆ ಹೋದಳು.

ನಾನು ಹುಟ್ಟಿದ ಮನೆ ಅಲ್ಲಿಂದ ಬಸ್ಸಿನಲ್ಲಿ ಒಂದೇ ತಾಸಿನ ದಾರಿ. ಆ ಅಂಗಳದಲ್ಲಿ ನಿಂತಾಗ, ಯಾವ ಊರಿನ ಬಸ್ಸು ಹಿಡಿಯಬೇಕೆಂದೇ ನನಗೆ ತೋಚಲಿಲ್ಲ.